ಜಾನ್ಸ್ ಹಾಪ್ಕಿನ್ಸ್ ಶಸ್ತ್ರಚಿಕಿತ್ಸಾ ವಿಭಾಗ

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಭಾಗ. ಆಸ್ಪತ್ರೆ 1889ರಲ್ಲಿ, ವೈದ್ಯಕೀಯ ಶಾಲೆ 1893ರಲ್ಲಿ ಆರಂಭವಾದವು. ಮೊದಲ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್ (1852–1922) ಜರ್ಮನ್ ಪದ್ಧತಿಯಿಂದ ಪ್ರೇರಣೆ ಪಡೆದು, ಕಿರಿಯ ವೈದ್ಯರು ಆಸ್ಪತ್ರೆಯಲ್ಲೇ ಉಳಿದು ಹಂತಹಂತವಾಗಿ ಹೊಣೆ ಹೊರುತ್ತ ಕಲಿಯುವ ರೆಸಿಡೆನ್ಸಿ ತರಬೇತಿಯನ್ನು ರೂಪಿಸಿದರು. ಶಸ್ತ್ರಚಿಕಿತ್ಸೆಗೆ ರಬ್ಬರ್ ಕೈಗವಸು ಬಂದದ್ದೂ ಇಲ್ಲಿಯ ಕಾಳಜಿಯಿಂದಲೇ: ಕ್ರಿಮಿನಾಶಕ ಪಾದರಸ ದ್ರಾವಣದಿಂದ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈ ಚರ್ಮ ಕೆಟ್ಟಾಗ ಹಾಲ್‌ಸ್ಟೆಡ್ ಆಕೆಗಾಗಿ ತೆಳು ಗವಸು ಮಾಡಿಸಿದರು. ಅದು ರೋಗಿಯನ್ನೂ ಸೋಂಕಿನಿಂದ ಕಾಯುತ್ತದೆಂಬುದು ಆಮೇಲೆ ಸ್ಪಷ್ಟವಾಯಿತು.

ವಿಭಾಗದ ಅತಿ ಹೆಮ್ಮೆಯ ಅಧ್ಯಾಯ 'ನೀಲಿ ಶಿಶು' ಚಿಕಿತ್ಸೆ. ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ತಲುಪದೆ ಮೈ ನೀಲಿಗಟ್ಟುವ ಮಕ್ಕಳಿಗೆ ರಕ್ತ ಹರಿಯಲು ಹೊಸ ದಾರಿ ಮಾಡಿಕೊಡಬಹುದೆಂದು ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟಾಸಿಗ್ ಸೂಚಿಸಿದರು. ಪ್ರಯೋಗಾಲಯದಲ್ಲಿ ನಾಯಿಗಳ ಮೇಲೆ ಅದನ್ನು ಸಾಧ್ಯವಾಗಿಸಿದವರು ವಿವಿಯನ್ ಥಾಮಸ್. ಕಾಲೇಜು ಮೆಟ್ಟಿಲು ಹತ್ತಲಾಗದ ಈ ಕಪ್ಪು ವರ್ಣೀಯ ಸಹಾಯಕರಿಗೆ ವೈದ್ಯ ಪದವಿ ಇರಲಿಲ್ಲ. 1944ರ ನವೆಂಬರ್ 29ರಂದು ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲಾಲಾಕ್ ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿಯುವಾಗ, ಅವರ ಹೆಗಲ ಹಿಂದೆ ಸ್ಟೂಲಿನ ಮೇಲೆ ನಿಂತ ಥಾಮಸ್ ಹೊಲಿಗೆಯ ದಿಕ್ಕು ಹೇಳುತ್ತಿದ್ದರು. ಸುದ್ದಿ ಹರಡುತ್ತಲೇ ದೂರದೂರದ ಪೋಷಕರು ಮಕ್ಕಳೊಡನೆ ಬಾಲ್ಟಿಮೋರ್‌ಗೆ ಬಂದರು. 1947ರಲ್ಲಿ ಬ್ಲಾಲಾಕ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲೂ ಇದನ್ನು ಮಾಡಿ ತೋರಿಸಿದರು. ಹಲವು ಹೃದಯ ಶಸ್ತ್ರವೈದ್ಯರಿಗೆ ಕೈಚಳಕ ಕಲಿಸಿದ ಥಾಮಸ್‌ಗೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿದ್ದು ಬಹಳ ತಡವಾಗಿ, 1976ರಲ್ಲಿ.