ಪಾಲಿಮರ್ ಪದರಿನ ಮೆಟ್ಟಿಲು: ಮೇಲ್ಮೈ ಕರ್ಷಣ ಮತ್ತು ನ್ಯಾನೋ ಹರಿವು

ಕುಂಚ ಬಿಟ್ಟುಹೋದ ಗೆರೆಗಳು ಬಣ್ಣ ಒಣಗುವ ಮೊದಲೇ ಮಾಯವಾಗುವುದು ಮೇಲ್ಮೈ ಕರ್ಷಣದಿಂದ. ಉಬ್ಬಿದ ಕಡೆ ದ್ರವದೊಳಗಿನ ಒತ್ತಡ ಹೆಚ್ಚು, ತಗ್ಗಿನಲ್ಲಿ ಕಡಿಮೆ. ಹಾಗಾಗಿ ದ್ರವ ಉಬ್ಬಿನಿಂದ ತಗ್ಗಿಗೆ ಹರಿಯುತ್ತದೆ. ಆ ಹರಿವಿಗೆ ಅಡ್ಡ ನಿಲ್ಲುವುದು ಸ್ನಿಗ್ಧತೆ. ಮೈಕ್ರೋಮೀಟರ್ ಅಳತೆಯ ಏರಿಳಿತಗಳಲ್ಲಿ ಗುರುತ್ವದ ಪಾತ್ರ ನಗಣ್ಯ.

1962ರಲ್ಲಿ ಎಸ್. ಇ. ಆರ್ಚರ್ಡ್ ಇದರ ಗಣಿತವನ್ನು ಬಿಡಿಸಿಟ್ಟರು. ತೆಳು ಪದರಿನಲ್ಲಿ ಅಲೆ ಅಳಿಯುವ ದರ ಪದರಿನ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ, ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುತ್ತದೆ. ತರಂಗಾಂತರ ಇಮ್ಮಡಿಯಾದರೆ 16 ಪಟ್ಟು ಸಮಯ ಬೇಕು. ದಪ್ಪ ಅರ್ಧಕ್ಕಿಳಿದರೆ 8 ಪಟ್ಟು. ತಳಕ್ಕೆ ಅಂಟಿದ ದ್ರವ ಕದಲದಿರುವುದರಿಂದ ತೆಳು ಪದರಿನಲ್ಲಿ ಹರಿವಿಗೆ ಎಡೆಯೇ ಕಡಿಮೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಮತ್ತು ಪ್ಯಾರಿಸ್‌ನ ಇಎಸ್‌ಪಿಸಿಐ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗ ಈ ಸಿದ್ಧಾಂತವನ್ನು ನ್ಯಾನೋಮೀಟರ್ ಮಟ್ಟದಲ್ಲಿ ಒರೆಗೆ ಹಚ್ಚಿತು. ಸಿಲಿಕಾನ್ ಬಿಲ್ಲೆಯ ಮೇಲೆ ಪಾಲಿಸ್ಟೈರೀನ್ ಎಂಬ ಪಾಲಿಮರ್‌ನ ಒಂದು ಪದರು. ಅಭ್ರಕದ ಮೇಲೆ ತಯಾರಿಸಿ ನೀರಿನಲ್ಲಿ ತೇಲಿಸಿದ ಇನ್ನೊಂದು ಪದರಿನ ತುಣುಕು ಅದರ ಮೇಲೆ. ತುಣುಕಿನ ನೇರ ಅಂಚೇ ಮೆಟ್ಟಿಲು. ಬಿಸಿ ಮಾಡಿ ಪಾಲಿಮರ್ ಹರಿಯಲು ಬಿಟ್ಟು, ತಣಿಸಿ, ಪರಮಾಣು ಬಲ ಸೂಕ್ಷ್ಮದರ್ಶಕದಿಂದ ಆಕಾರವನ್ನು ಅಳೆದರು. ಮೆಟ್ಟಿಲಿನ ಅಗಲ ಕಾಲದ ನಾಲ್ಕನೇ ಮೂಲಕ್ಕೆ ಅನುಗುಣವಾಗಿ ಬೆಳೆದಿತ್ತು.

ಸಮತಟ್ಟಾಗುವ ದಾರಿ ಮಾತ್ರ ನೇರವಲ್ಲ. ಮೇಲಂಚಿನ ಅಧಿಕ ಒತ್ತಡ ದ್ರವವನ್ನು ಎರಡೂ ಕಡೆಗೆ ತಳ್ಳುತ್ತದೆ, ಆದ್ದರಿಂದ ಎತ್ತರದ ಬದಿಯಲ್ಲಿ ಹೊಸದೊಂದು ಉಬ್ಬು ಏಳುತ್ತದೆ. ಕೆಳಮೂಲೆಯ ಕಡಿಮೆ ಒತ್ತಡ ಎರಡೂ ಕಡೆಯಿಂದ ದ್ರವವನ್ನು ಸೆಳೆದು ಅಲ್ಲೊಂದು ತಗ್ಗನ್ನು ಮಾಡುತ್ತದೆ. ಈ ಇಡೀ ಆಕಾರವನ್ನು ಸಿದ್ಧಾಂತದೊಂದಿಗೆ ಹೊಂದಿಸಿದರೆ ಮೇಲ್ಮೈ ಕರ್ಷಣ ಮತ್ತು ಸ್ನಿಗ್ಧತೆಗಳ ಅನುಪಾತ ದೊರೆಯುತ್ತದೆ. ಅಂದರೆ ಮೆಟ್ಟಿಲೇ ಮಾಪಕ.

ಈ ಮಾಪಕದ ನಿಜವಾದ ಬೆಲೆ ಗೊತ್ತಾದದ್ದು ಗಾಜುಸ್ಥಿತಿಯ ಅಧ್ಯಯನದಲ್ಲಿ. ಉದ್ದ ಅಣು ಸರಪಳಿಗಳ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಾಜಿನಂತೆ ಗಟ್ಟಿ. ಸರಪಳಿ ಚಿಕ್ಕದಾದಷ್ಟೂ ಈ ಉಷ್ಣಾಂಶ ಇಳಿಯುತ್ತದೆ. ವಾಟರ್‌ಲೂ ವಿಶ್ವವಿದ್ಯಾಲಯದ ಜೇಮ್ಸ್ ಫಾರೆಸ್ಟ್ ಮತ್ತು ಸಹೋದ್ಯೋಗಿಗಳು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದಂತೆ, ಗಿಡ್ಡ ಸರಪಳಿಗಳ ಪಾಲಿಸ್ಟೈರೀನ್‌ನ ಮೆಟ್ಟಿಲು ಅದರ ಗಾಜು ಉಷ್ಣಾಂಶಕ್ಕಿಂತ ಕೆಳಗೂ ಸವೆಯುತ್ತದೆ. ಅಲ್ಲಿ ಹರಿಯುವುದು ಇಡೀ ಪದರಲ್ಲ, ಮೇಲ್ಮೈಗೆ ಹೊಂದಿಕೊಂಡ ಅತಿ ತೆಳುವಾದ ಭಾಗವಷ್ಟೇ. ಆದ್ದರಿಂದ ಪದರಿನ ಒಟ್ಟು ದಪ್ಪಕ್ಕೆ ಹರಿವಿನ ಮೇಲೆ ಹಿಡಿತವಿಲ್ಲ. ಪಾಲಿಮರ್ ಮೇಲೆ ಅಚ್ಚೊತ್ತಿದ ನ್ಯಾನೋ ವಿನ್ಯಾಸಗಳ ಬಾಳಿಕೆಯನ್ನು ಅಂದಾಜಿಸುವಾಗ, ಒಳಭಾಗ ಗಟ್ಟಿಯಾಗಿದೆ ಎಂಬ ಒಂದೇ ಭರವಸೆ ಸಾಲದು. ಮೇಲ್ಮೈಯ ಚಲನೆಯನ್ನು ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.