ಕೊಡಬೇಕೆಂದು ಎಲ್ಲಿ ಬರೆದಿದೆ?

ಕರನಿರಾಕರಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮಗೆ ಅಂಕೋಲೆ, ಸಿದ್ದಾಪುರ, ಹಿರೇಕೆರೂರುಗಳ ನೆನಪಾಗುತ್ತದೆ. ಮೂವತ್ತರ ದಶಕದಲ್ಲಿ ಅಲ್ಲಿನ ರೈತರು ಭೂಕಂದಾಯ ಕೊಡಲೊಲ್ಲೆವೆಂದರು, ಜಮೀನುಗಳು ಜಪ್ತಿಯಾದವು. ಆಳುವವರ ಕಾನೂನಿನ ಪ್ರಕಾರ ಕಂದಾಯ ಸಲ್ಲಬೇಕಾದುದೆಂಬುದು ಅವರಿಗೆ ತಿಳಿದೇ ಇತ್ತು. ತಿಳಿದೂ ಕೊಡದೆ, ಅದರ ಫಲವನ್ನು ತಲೆಯೊಡ್ಡಿ ಅನುಭವಿಸಿದುದರಲ್ಲೇ ಆ ಹೋರಾಟದ ತೂಕವಿತ್ತು. 1846ರಲ್ಲಿ ತಲೆಗಂದಾಯ ಕೊಡದೆ ಒಂದು ರಾತ್ರಿ ಸೆರೆಯಲ್ಲಿದ್ದ ಅಮೆರಿಕದ ಥೋರೋನದೂ ಇದೇ ಜಾತಿಯ ನಿರಾಕರಣೆ. ಗಾಂಧೀಜಿ ಅವನನ್ನು ಓದಿಕೊಂಡಿದ್ದರು.

ಆದರೆ ಅದೇ ಅಮೆರಿಕದಲ್ಲಿ ಇನ್ನೊಂದು ಬಗೆಯ ನಿರಾಕರಣೆ ಬೆಳೆದಿದೆ. ಅಲ್ಲಿ ನಿರಾಕರಿಸುವವನು ‘ಕಾನೂನು ಅನ್ಯಾಯದ್ದು, ಆದ್ದರಿಂದ ಮುರಿಯುತ್ತೇನೆ’ ಎನ್ನುವುದಿಲ್ಲ. ‘ಅಂಥ ಕಾನೂನೇ ಇಲ್ಲ, ಇದ್ದರೆ ತೋರಿಸಿ’ ಎನ್ನುತ್ತಾನೆ. ಒಕ್ಕೂಟ ಸರ್ಕಾರಕ್ಕೆ ಆದಾಯ ತೆರಿಗೆ ಕೊಡಬೇಕಾದ ಹೊಣೆ ನಾಗರಿಕನಿಗೆ ಕಾನೂನಿನಲ್ಲಿ ಇದೆಯೇ ಎಂಬುದು ಅವನ ಪ್ರಶ್ನೆ. ಸಂಬಳ ಕೈಸೇರುವ ಮೊದಲೇ ತೆರಿಗೆ ಕಡಿತವಾಗಿಬಿಡುವ ನಮ್ಮಂಥವರಿಗೆ ಈ ಪ್ರಶ್ನೆ ವಿನೋದವಾಗಿ ಕಾಣಬಹುದು. ಅದರ ಇತಿಹಾಸ ಮಾತ್ರ ವಿನೋದದ್ದಲ್ಲ. ಒಂದು ಕಾಲಕ್ಕೆ ಅದು ಆ ದೇಶದ ಅತ್ಯುನ್ನತ ನ್ಯಾಯಾಲಯವನ್ನೇ ಎರಡಾಗಿ ಸೀಳಿದ ಪ್ರಶ್ನೆ.

ಬೇರು ಅವರ ಸಂವಿಧಾನದಲ್ಲೇ ಇದೆ. ‘ನೇರ ತೆರಿಗೆ’ಯನ್ನು ರಾಜ್ಯಗಳ ಜನಸಂಖ್ಯೆಗೆ ಅನುಗುಣವಾಗಿ ಹಂಚಿ ವಸೂಲು ಮಾಡಬೇಕು ಎಂದು ಅದು ವಿಧಿಸುತ್ತದೆ. ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿ ಎಣಿಸುವ ಕುಖ್ಯಾತ ರಾಜಿಯೊಡನೆ ಒಂದೇ ವಾಕ್ಯದಲ್ಲಿ ಹೆಣೆದುಕೊಂಡ ವಿಧಿ ಇದು. ಆದರೆ ನೇರ ತೆರಿಗೆ ಎಂದರೇನು? 1787ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ರೂಫಸ್ ಕಿಂಗ್ ಈ ಪ್ರಶ್ನೆಯನ್ನೇ ಎತ್ತಿದರೆಂದೂ ಯಾರೂ ಉತ್ತರಿಸಲಿಲ್ಲವೆಂದೂ ಮ್ಯಾಡಿಸನ್ ತಮ್ಮ ಟಿಪ್ಪಣಿಯಲ್ಲಿ ದಾಖಲಿಸಿದ್ದಾರೆ. ಆ ಮೌನಕ್ಕೆ ಮುಂದಿನವರು ದುಬಾರಿ ಬೆಲೆ ತೆತ್ತರು.

ಹಂಚಿಕೆಯ ಲೆಕ್ಕ ಎಷ್ಟು ವಿಚಿತ್ರವೆಂಬುದಕ್ಕೆ ಒಂದು ಊಹೆ ಸಾಕು. ಸಮಾನ ಜನಸಂಖ್ಯೆಯ ಎರಡು ರಾಜ್ಯಗಳಿವೆ. ಒಂದರ ಸಂಪತ್ತು ಇನ್ನೊಂದರ ಇಮ್ಮಡಿ. ಎರಡೂ ಸಮನಾದ ಮೊತ್ತ ಕೊಡಬೇಕಾಗುವುದರಿಂದ ಬಡ ರಾಜ್ಯದವನ ಮೇಲೆ ಬೀಳುವ ತೆರಿಗೆಯ ದರ ಸಿರಿವಂತ ರಾಜ್ಯದವನದರ ಎರಡು ಪಟ್ಟು. ಆದಾಯ ತೆರಿಗೆಯನ್ನು ಹೀಗೆ ಹಂಚಲು ಹೊರಟರೆ ಅದು ತನ್ನ ಉದ್ದೇಶವನ್ನೇ ತಲೆಕೆಳಗು ಮಾಡಿಕೊಳ್ಳುತ್ತದೆ. ಆದ್ದರಿಂದ ‘ಆದಾಯ ತೆರಿಗೆ ನೇರ ತೆರಿಗೆ’ ಎಂದು ನ್ಯಾಯಾಲಯ ಹೇಳಿದರೆ ಅದನ್ನು ಕೊಂದಂತೆಯೇ.

ಅಂತರ್ಯುದ್ಧದ ಖರ್ಚಿಗಾಗಿ ಮೊದಲ ಆದಾಯ ತೆರಿಗೆ ಬಂತು, 1872ಕ್ಕೆ ಮುಗಿಯಿತು. ಇಲಿನಾಯ್ ರಾಜ್ಯದ ವಕೀಲ ವಿಲಿಯಂ ಸ್ಪ್ರಿಂಗರ್ ಅದನ್ನು ಕಟ್ಟಲೊಲ್ಲೆನೆಂದಾಗ ಸರ್ಕಾರ ಆತನ ಸ್ಥಿರಾಸ್ತಿಯನ್ನು ಹರಾಜಿಗಿಟ್ಟಿತು. ಆತ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 1881ರಲ್ಲಿ ನ್ಯಾಯಾಲಯ, ನೇರ ತೆರಿಗೆಯೆಂದರೆ ತಲೆಗಂದಾಯ ಹಾಗೂ ಸ್ಥಿರಾಸ್ತಿಯ ಮೇಲಿನ ತೆರಿಗೆ ಮಾತ್ರ, ಆದಾಯದ್ದು ಅದರಲ್ಲಿ ಸೇರದು ಎಂದು ತೀರ್ಪಿತ್ತಿತು. ವಿಷಯ ಅಲ್ಲಿಗೆ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. 1894ರಲ್ಲಿ ಕಾಂಗ್ರೆಸ್ಸು 4,000 ಡಾಲರಿಗೆ ಮೀರಿದ ಆದಾಯದ ಮೇಲೆ ಶೇ. 2ರ ತೆರಿಗೆ ಹೇರಿತು. ಅಂದಿನ ನಾಲ್ಕು ಸಾವಿರ ಕೂಲಿಕಾರನ ಕನಸಿಗೂ ಎಟುಕದ ಮೊತ್ತ. ತೆರಿಗೆ ಬಿದ್ದದ್ದು ಕೇವಲ ಸಿರಿವಂತರ ಮೇಲೆ. ಚಾರ್ಲ್ಸ್ ಪೊಲಾಕ್ ಎಂಬ ಷೇರುದಾರ, ತಾನು ಷೇರು ಹೊಂದಿದ್ದ ನ್ಯೂಯಾರ್ಕಿನ ಸಾಲ ಮತ್ತು ನ್ಯಾಸ ಕಂಪನಿ ಈ ತೆರಿಗೆ ಕಟ್ಟಬಾರದೆಂದು ದಾವೆ ಹೂಡಿದ. ಕಂಪನಿಗೂ ಬೇಕಾದದ್ದು ಅದೇ. ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಫಲವನ್ನು ಬಯಸುವ ಇಂಥ ವ್ಯಾಜ್ಯಗಳು ನಮ್ಮಲ್ಲೂ ಅಪರೂಪವಲ್ಲ! ತೆರಿಗೆಯ ವಿರುದ್ಧ ವಾದಿಸಿದ ಜೋಸೆಫ್ ಚೋಟ್, ಇದರ ಹಿಂದಿರುವುದು ಸಮತಾವಾದಿಗಳ ತತ್ತ್ವವೆಂದು ಗುಡುಗಿದರು. ನ್ಯಾಯಮೂರ್ತಿ ಫೀಲ್ಡ್ ತಮ್ಮ ಅಭಿಪ್ರಾಯದಲ್ಲಿ, ಬಂಡವಾಳದ ಮೇಲಿನ ಈ ದಾಳಿ ಕೊನೆಗೆ ಬಡವರು ಬಲ್ಲಿದರ ವಿರುದ್ಧ ಹೂಡುವ ಯುದ್ಧವಾದೀತೆಂದು ಎಚ್ಚರಿಸಿದರು.

1895ರ ಏಪ್ರಿಲ್‌ನಲ್ಲಿ ಮೊದಲ ತೀರ್ಪು ಬಂದಾಗ ಜಮೀನಿನ ಬಾಡಿಗೆಯ ಮೇಲಿನ ತೆರಿಗೆ ಬಿದ್ದುಹೋಯಿತು. ಉಳಿದ ಮುಖ್ಯ ಪ್ರಶ್ನೆಗಳಲ್ಲಿ ಎಂಟು ಮಂದಿ ನಾಲ್ಕು-ನಾಲ್ಕಾಗಿ ಒಡೆದರು. ಒಂಬತ್ತನೆಯವರಾದ ಹೋವೆಲ್ ಜಾಕ್ಸನ್ ಕ್ಷಯದಿಂದ ಹಾಸಿಗೆ ಹಿಡಿದಿದ್ದರು. ಮರುವಿಚಾರಣೆ ಗೊತ್ತಾಯಿತು. ಆ ಮನುಷ್ಯ ಕೆಮ್ಮುತ್ತಲೇ ಟೆನೆಸಿಯಿಂದ ವಾಷಿಂಗ್ಟನ್ನಿಗೆ ಬಂದು ಕುಳಿತು, ತೆರಿಗೆ ಸಿಂಧುವೆಂದು ಮತ ಹಾಕಿದರು. ಲೆಕ್ಕದ ಪ್ರಕಾರ ಐದು-ನಾಲ್ಕರಿಂದ ತೆರಿಗೆ ಉಳಿಯಬೇಕಿತ್ತು. ಮೇ 20ರಂದು ತೀರ್ಪು ಹೊರಬಿದ್ದಾಗ ಐದು-ನಾಲ್ಕರಿಂದ ಅದು ಬಿದ್ದಿತ್ತು. ನಾಲ್ವರಲ್ಲಿ ಯಾರೋ ಒಬ್ಬರು ಆರು ವಾರಗಳೊಳಗೆ ಮನಸ್ಸು ಬದಲಿಸಿದ್ದರು. ಅದು ಯಾರೆಂಬುದನ್ನು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ. ಜಾಕ್ಸನ್ ಆಗಸ್ಟ್‌ನಲ್ಲಿ ತೀರಿಕೊಂಡರು. ಒಬ್ಬ ಅನಾಮಿಕನ ಮನಃಪರಿವರ್ತನೆಯಿಂದ ಒಂದು ದೇಶದ ಸಿರಿವಂತರು ಹದಿನೆಂಟು ವರ್ಷ ತೆರಿಗೆಯಿಂದ ಮುಕ್ತರಾಗಿ ಉಳಿದರು.

ಈ ಕಥೆಯನ್ನು ನಾವು ಹಿಗ್ಗಿಸಿ ಹೇಳಿದುದಕ್ಕೆ ಕಾರಣವಿದೆ. ಆದಾಯ ತೆರಿಗೆ ಅಸಿಂಧು ಎಂಬ ವಾದ ಹುಟ್ಟಿದ್ದು ತಲೆಕೆಟ್ಟವರ ಜಗುಲಿಯಲ್ಲಲ್ಲ. ದೇಶದ ಅತಿ ದುಬಾರಿ ವಕೀಲರ ಬಾಯಲ್ಲಿ. ಒಮ್ಮೆ ಅದು ಗೆದ್ದೂ ಇತ್ತು. ಸೋತ ಬಗೆಯೂ ಕ್ರಮಬದ್ಧವೇ. 1909ರಲ್ಲಿ ಸಂವಿಧಾನದ ಹದಿನಾರನೆಯ ತಿದ್ದುಪಡಿಯನ್ನು ಕಾಂಗ್ರೆಸ್ಸು ರಾಜ್ಯಗಳ ಮುಂದಿಟ್ಟಿತು: ಆದಾಯದ ಮೂಲ ಯಾವುದೇ ಇರಲಿ, ಜನಸಂಖ್ಯೆಯ ಹಂಚಿಕೆಯಿಲ್ಲದೆ ತೆರಿಗೆ ಹಾಕುವ ಅಧಿಕಾರ ಒಕ್ಕೂಟಕ್ಕಿದೆ. ಸೆನೆಟಿನ ಸಂಪ್ರದಾಯವಾದಿ ನಾಯಕರು, ರಾಜ್ಯಗಳು ಇದನ್ನೆಂದೂ ಒಪ್ಪಲಾರವೆಂಬ ಧೈರ್ಯದಿಂದಲೇ ತಾವೂ ಕೈಯೆತ್ತಿದ್ದರು. ರಾಜ್ಯಗಳು ಒಪ್ಪಿದವು. 1913ರ ಫೆಬ್ರವರಿ 25ರಂದು ವಿದೇಶಾಂಗ ಕಾರ್ಯದರ್ಶಿ ಫಿಲಾಂಡರ್ ನಾಕ್ಸ್ ತಿದ್ದುಪಡಿ ಜಾರಿಯಾಯಿತೆಂದು ಘೋಷಿಸಿದರು. 1916ರಲ್ಲಿ ಬ್ರಶೇಬರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೊಸ ತೆರಿಗೆಗೆ ಮುದ್ರೆಯೊತ್ತಿತು.

ಮತ್ತೆ ವಾದವೇಕೆ ಎದ್ದಿತು? ನಮಗೆ ತೋರುವಂತೆ ಉತ್ತರ ಯುದ್ಧದಲ್ಲಿದೆ. 1913ರ ತೆರಿಗೆ ಶೇ. 1ರಿಂದ ಆರಂಭವಾಗಿತ್ತು, ಜನಸಾಮಾನ್ಯನಿಗೆ ಅದರ ಗಾಳಿಯೂ ಸೋಕುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಅದನ್ನು ವರ್ಗದ ತೆರಿಗೆಯಿಂದ ಜನತೆಯ ತೆರಿಗೆಯನ್ನಾಗಿಸಿತು. 1939ರಲ್ಲಿ ಸುಮಾರು 40 ಲಕ್ಷವಿದ್ದ ತೆರಿಗೆದಾರರು 1945ರ ವೇಳೆಗೆ ನಾಲ್ಕು ಕೋಟಿಯನ್ನು ದಾಟಿದರು. 1943ರಿಂದ ಸಂಬಳದಲ್ಲೇ ಕಡಿತ ಶುರುವಾಯಿತು. ಕನೆಕ್ಟಿಕಟ್‌ನ ಕಾರ್ಖಾನೆದಾರಿಣಿ ವಿವಿಯನ್ ಕೆಲಮ್ಸ್ 1948ರಲ್ಲಿ, ತನ್ನ ನೌಕರರ ತೆರಿಗೆ ಮುರಿದುಕೊಡಲು ತಾನು ಸರ್ಕಾರದ ಸಂಬಳವಿಲ್ಲದ ವಸೂಲಿಗಾರಳಲ್ಲವೆಂದು ಸೆಟೆದು ನಿಂತರು. ಪೊಲಾಕ್‌ನ ಕಾಲದಲ್ಲಿ ಶ್ರೀಮಂತನ ಅಸ್ತ್ರವಾಗಿದ್ದ ವಾದ ಹೀಗೆ ರೈತ, ವಿಮಾನ ಚಾಲಕ, ದಂತವೈದ್ಯೆಯರ ಕೈಗೆ ಬಂತು. ಕೈ ಬದಲಾದಂತೆ ವಾದದ ಗುಣವೂ ಕುಸಿಯಿತು.

ಅವುಗಳಲ್ಲಿ ಎರಡನ್ನು ನೋಡೋಣ. ಸಾಹಿತ್ಯ ಓದಿದವರಿಗೆ ಎರಡೂ ರುಚಿಸುವಂಥವು.

ಒಂದು ಪಾಠಾಂತರದ ವಾದ. ಇಲಿನಾಯ್ ರಾಜ್ಯದ ತೆರಿಗೆ ಇಲಾಖೆಯಲ್ಲೇ ತನಿಖಾಧಿಕಾರಿಯಾಗಿದ್ದ ಬಿಲ್ ಬೆನ್ಸನ್ ಎಂಬಾತ ರಾಜ್ಯ ರಾಜ್ಯಗಳ ದಫ್ತರಖಾನೆಗಳನ್ನು ಸುತ್ತಿ, ಹದಿನಾರನೆಯ ತಿದ್ದುಪಡಿಯ ಅನುಮೋದನಾ ಪತ್ರಗಳನ್ನು ತೆಗೆದು ಮೂಲದೊಡನೆ ಹೋಲಿಸಿದರು. ಒಂದರಲ್ಲಿ ಅಲ್ಪವಿರಾಮ ಇಲ್ಲ. ಇನ್ನೊಂದರಲ್ಲಿ ದೊಡ್ಡಕ್ಷರ ಇರಬೇಕಾದಲ್ಲಿ ಚಿಕ್ಕಕ್ಷರ. ವಾಷಿಂಗ್ಟನ್ ರಾಜ್ಯದ ಪ್ರತಿಯಲ್ಲಿ ಬಹುವಚನದ ಬದಲು ಏಕವಚನ. ಇಲಿನಾಯ್‌ನ ಪ್ರತಿಯಲ್ಲಿ ‘ಗಣತಿ’ ಎಂಬರ್ಥದ ಪದ ಇರಬೇಕಾದಲ್ಲಿ ಧ್ವನಿಸಾಮ್ಯದಿಂದ ‘ಸಂಭಾವನೆ’ ಎಂಬರ್ಥದ್ದು ನುಸುಳಿದೆ. ಆದ್ದರಿಂದ ತಿದ್ದುಪಡಿ ಅಂಗೀಕಾರವೇ ಆಗಿಲ್ಲ, ಅದು ಎಂದೂ ಇಲ್ಲದ ಕಾನೂನು ಎಂದು 1985ರಲ್ಲಿ ಪುಸ್ತಕ ಬಂತು.

ಶ್ರಮವನ್ನು ನಾವು ಲಘುವಾಗಿ ಕಾಣುವುದಿಲ್ಲ. ತಾಳೆಗರಿಗಳನ್ನು ಹೋಲಿಸುವ ನಮ್ಮ ಗ್ರಂಥಸಂಪಾದಕರು ಮಾಡುವುದೂ ಇದೇ ಕೆಲಸ. ಆದರೆ ಸಂಪಾದಕ ಲಿಪಿಕಾರನ ಪ್ರಮಾದವನ್ನು ಗುರುತಿಸುವುದು ಕವಿಯ ಪಾಠವನ್ನು ಕಂಡುಕೊಳ್ಳಲಿಕ್ಕೆ. ಒಂದು ಓಲೆಯಲ್ಲಿ ಅಕ್ಷರ ತಪ್ಪಿತೆಂದು ಪಂಪ ಭಾರತವನ್ನೇ ಬರೆಯಲಿಲ್ಲವೆಂದು ಯಾರೂ ಸಾಧಿಸಿಲ್ಲ. ಅಷ್ಟಕ್ಕೂ ಬೆನ್ಸನ್ ಕಂಡುಹಿಡಿದದ್ದು 1913ರಲ್ಲೇ ತಿಳಿದಿತ್ತು. ನಾಕ್ಸ್ ಅವರ ಕಚೇರಿಯ ಕಾನೂನು ಅಧಿಕಾರಿ ಈ ದೋಷಗಳನ್ನೆಲ್ಲ ಪಟ್ಟಿ ಮಾಡಿ, ಕಾಂಗ್ರೆಸ್ಸು ಕಳಿಸಿದ ಪಾಠವನ್ನು ತಿದ್ದುವ ಅಧಿಕಾರ ರಾಜ್ಯಗಳಿಗಿಲ್ಲವಾದ್ದರಿಂದ ಇವು ಕಾರಕೂನರ ಕೈತಪ್ಪುಗಳೇ ಹೊರತು ಬೇರೆ ಪಾಠಗಳಲ್ಲ ಎಂದು ಟಿಪ್ಪಣಿ ಬರೆದಿದ್ದರು. ಕಡತದ ಲೋಕದಲ್ಲಿ ಬದುಕುವ ನಮಗೆ ಆ ಟಿಪ್ಪಣಿಕಾರರ ಮೇಲೆ ಗೌರವ ಹುಟ್ಟುತ್ತದೆ. 1986ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದೇ ನೆಲೆಯಿಂದ ವಾದವನ್ನು ತಳ್ಳಿಹಾಕಿತು. ಆ ವಾದ ಬೆನ್ಸನ್‌ರನ್ನೂ ಶಿಕ್ಷೆಯಿಂದ ಪಾರುಮಾಡಲಿಲ್ಲ.

ಎರಡನೆಯದು ಒಂದೇ ಪದದ ಮೇಲೆ ನಿಂತದ್ದು. 1960ರ ಫ್ಲೋರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ತಮ್ಮ ತೆರಿಗೆ ಪದ್ಧತಿ ಜಪ್ತಿಯನ್ನಲ್ಲ, ಸ್ವಯಂಪ್ರೇರಿತ ನಿರ್ಧರಣೆ ಮತ್ತು ಪಾವತಿಯನ್ನು ಆಧರಿಸಿದೆ ಎಂಬರ್ಥದ ಮಾತಾಡಿದೆ. ಸ್ವಯಂಪ್ರೇರಿತವೆಂದ ಮೇಲೆ ಪ್ರೇರಣೆಯಾಗದಿದ್ದರೆ? ಬೆಂಗಳೂರಿನ ಮನೆಯ ಆಸ್ತಿ ತೆರಿಗೆಯನ್ನು ‘ಸ್ವಯಂ ಘೋಷಣೆ’ಯಡಿ ಕಟ್ಟುವ ನಮ್ಮವರಾರೂ ಆ ‘ಸ್ವಯಂ’ ಎಂಬುದನ್ನು ‘ಇಷ್ಟವಿದ್ದರೆ’ ಎಂದು ಓದಿಕೊಂಡಿಲ್ಲ. ಲೆಕ್ಕ ನೀನು ಹಾಕು, ನಾವು ಪರೀಕ್ಷಿಸುತ್ತೇವೆ ಎಂಬುದಷ್ಟೇ ಅದರ ಇಂಗಿತ. ಇನ್ನೂ ಸೋಜಿಗವೆಂದರೆ ಫ್ಲೋರಾ ತೀರ್ಪಿನ ತಿರುಳು. ತೆರಿಗೆಯ ಒಂದು ಭಾಗವನ್ನಷ್ಟೇ ಕಟ್ಟಿ ಮರುಪಾವತಿಗೆ ದಾವೆ ಹೂಡಿದವನಿಗೆ ನ್ಯಾಯಾಲಯ ಹೇಳಿದ್ದು, ಜಿಲ್ಲಾ ನ್ಯಾಯಾಲಯದ ಬಾಗಿಲು ತಟ್ಟಬೇಕಾದರೆ ಮೊದಲು ಪೂರ್ತಿ ಕಟ್ಟಿ ಬಾ ಎಂದು. ಕೊಡಬೇಕಿಲ್ಲವೆಂಬುದಕ್ಕೆ ಆಧಾರವಾಗಿ ಉದ್ಧರಿಸುವ ವಾಕ್ಯ ಇರುವುದು ಮೊದಲು ಕೊಡು ಎನ್ನುವ ತೀರ್ಪಿನಲ್ಲಿ!

ಸಂಬಳ ಆದಾಯವೇ ಅಲ್ಲ, ಅದು ಶ್ರಮಕ್ಕೆ ಸಮನಾದ ವಿನಿಮಯ. ತೆರಿಗೆ ಬೀಳುವುದು ವಿದೇಶೀ ಮೂಲದ ಆದಾಯಕ್ಕೆ ಮಾತ್ರ. ಒಹಾಯೋ ಸರಿಯಾಗಿ ರಾಜ್ಯವಾದದ್ದೇ 1953ರಲ್ಲಿ, ಆದ್ದರಿಂದ ಅದರ ಅನುಮೋದನೆ ಸಲ್ಲದು. ಹೀಗೆ ಪಟ್ಟಿ ಬೆಳೆಯುತ್ತದೆ. ನ್ಯಾಯಾಲಯಗಳು ಒಂದನ್ನೂ ಒಪ್ಪಿಲ್ಲ. ಇಂಥ ವಾದ ಹೂಡಿ ಕಾಲಹರಣ ಮಾಡುವವರಿಗೆ ತೆರಿಗೆ ನ್ಯಾಯಾಲಯ 25,000 ಡಾಲರಿನವರೆಗೆ ದಂಡ ಹಾಕಬಹುದು.

ಆದರೆ ನಂಬಿಕೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೇ? ಇಲ್ಲಿ 1991ರ ಚೀಕ್ ಪ್ರಕರಣ ನಮ್ಮನ್ನು ನಿಲ್ಲಿಸುತ್ತದೆ. ಜಾನ್ ಚೀಕ್ ಅಮೆರಿಕನ್ ಏರ್‌ಲೈನ್ಸಿನ ವಿಮಾನ ಚಾಲಕ. ತೆರಿಗೆ ವಿರೋಧಿಗಳ ಉಪನ್ಯಾಸಗಳನ್ನು ಕೇಳಿ ಮನವರಿಕೆಯಾಗಿ ಲೆಕ್ಕಪತ್ರ ಸಲ್ಲಿಸುವುದನ್ನು ನಿಲ್ಲಿಸಿದ. ಸರ್ವೋಚ್ಚ ನ್ಯಾಯಾಲಯ ಹೇಳಿದ್ದಿಷ್ಟು: ತೆರಿಗೆ ಕಾನೂನು ತೊಡಕಿನದು, ತನಗೆ ಹೊಣೆಯಿಲ್ಲವೆಂದು ಒಬ್ಬ ಪ್ರಾಮಾಣಿಕವಾಗಿ ನಂಬಿದ್ದರೆ, ಆ ನಂಬಿಕೆ ಎಷ್ಟೇ ಅಸಂಗತವಾಗಿರಲಿ, ಅವನು ಉದ್ದೇಶಪೂರ್ವಕ ಅಪರಾಧಿಯಲ್ಲ. ಆದರೆ ಕಾನೂನನ್ನು ಓದಿ ತಿಳಿದ ಮೇಲೆ ಅದು ಸಂವಿಧಾನಬಾಹಿರವೆಂದು ತೀರ್ಮಾನಿಸಿದವನಿಗೆ ಈ ರಕ್ಷಣೆಯಿಲ್ಲ. ಅವನಿಗೆ ಕಾನೂನು ಗೊತ್ತಿತ್ತು. ಅಜ್ಞಾನಿಗೆ ಕ್ಷಮೆ, ವಿಚಾರ ಮಾಡಿದವನಿಗೆ ಶಿಕ್ಷೆ ಎಂಬಂತೆ ತೋರುವ ಈ ಭೇದ ನಮಗೆ ಪೂರ್ತಿ ಸಮಾಧಾನ ಕೊಡುವುದಿಲ್ಲ. ಆದರೂ ತಪ್ಪು ತಿಳಿದ ಬಡಪಾಯಿಯನ್ನು ಜೈಲಿಗೆ ತಳ್ಳದಿರುವ ಮನಸ್ಸು ಅದರಲ್ಲಿದೆ. ಚೀಕ್‌ನನ್ನು ಮರುವಿಚಾರಣೆಯ ತೀರ್ಪುಗಾರರು ನಂಬಲಿಲ್ಲ, ಮತ್ತೆ ಶಿಕ್ಷೆಯಾಯಿತು.

ಇದೇ ಮನಸ್ಸು 1998ರ ಒಂದು ಶಾಸನದಲ್ಲೂ ಕಾಣುತ್ತದೆ. ತೆರಿಗೆ ಇಲಾಖೆ ತನ್ನ ಕಡತಗಳಲ್ಲಿ ಯಾರನ್ನೂ ‘ಅಕ್ರಮ ತೆರಿಗೆ ವಿರೋಧಿ’ ಎಂದು ಗುರುತಿಸಕೂಡದೆಂದು ಕಾಂಗ್ರೆಸ್ಸು ಅಪ್ಪಣೆ ಮಾಡಿತು. ಒಮ್ಮೆ ಅಂಟಿದ ಹಣೆಪಟ್ಟಿ ತೆರಿಗೆ ಕಟ್ಟಿದ ಮೇಲೂ ಬಿಡುವುದಿಲ್ಲವೆಂಬ ಕಾರಣಕ್ಕೆ. ಯಾವ ದೇಶದ ಕಚೇರಿಗೂ ಹೊಂದುವ ಬುದ್ಧಿಮಾತು.

ವಾದ ಮಾರಿದವರೂ ಸುಖಪಡಲಿಲ್ಲವೆನ್ನಿ. ದಶಕಗಳ ಕಾಲ ಪುಸ್ತಕ, ಉಪನ್ಯಾಸಗಳ ಮೂಲಕ ಇದನ್ನು ಸಾರಿದ ಅರ್ವಿನ್ ಶಿಫ್ 2015ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಸೆರೆಯಲ್ಲೇ ತೀರಿಕೊಂಡರು. 1983ರಲ್ಲಿ ಉತ್ತರ ಡಕೋಟದ ಗಾರ್ಡನ್ ಕಾಲ್ ಎಂಬ ರೈತನನ್ನು ಬಂಧಿಸಲು ಹೋದ ಇಬ್ಬರು ಮಾರ್ಷಲರು ಗುಂಡಿಗೆ ಬಲಿಯಾದರು. ತಿಂಗಳುಗಳ ಬಳಿಕ ಆತನೂ ಸತ್ತ.

ನಮ್ಮಲ್ಲಿ ಈ ವಾದ ಬೇರೂರದಿರಲು ಒಂದು ಕಾರಣ ಸರಳವಾದದ್ದು. ನಮ್ಮ ಸಂವಿಧಾನದ ಏಳನೆಯ ಅನುಸೂಚಿ, ಕೃಷಿಯೇತರ ಆದಾಯದ ಮೇಲಿನ ತೆರಿಗೆಯನ್ನು ಕೇಂದ್ರದ ಪಟ್ಟಿಯ 82ನೆಯ ಬಾಬತ್ತಾಗಿ ಹೆಸರಿಟ್ಟು ಬರೆದಿದೆ. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಕೂಡದೆಂದು 265ನೆಯ ವಿಧಿ ಹೇಳುತ್ತದೆ. ರೂಫಸ್ ಕಿಂಗ್ ಕೇಳಿದಂಥ ಪ್ರಶ್ನೆಗೆ ಇಲ್ಲಿ ಮೊದಲೇ ಉತ್ತರ ಸಿದ್ಧವಾಗಿತ್ತು.

ಅಮೆರಿಕದಲ್ಲಿ ಪೊಲಾಕ್‌ನ ಮೂಲ ಪ್ರಶ್ನೆ ಪೂರ್ತಿ ಸತ್ತಿಲ್ಲ. ಅದು ಮತ್ತೆ ಎದ್ದದ್ದು ನಮ್ಮ ಬೆಂಗಳೂರಿನ ನಂಟಿನಿಂದ. ವಾಷಿಂಗ್ಟನ್ ರಾಜ್ಯದ ಮೂರ್ ದಂಪತಿ, ಸಣ್ಣ ರೈತರಿಗೆ ಉಪಕರಣ ಒದಗಿಸುವ ಬೆಂಗಳೂರಿನ ಕಿಸಾನ್‌ಕ್ರಾಫ್ಟ್ ಕಂಪನಿಯಲ್ಲಿ 2006ರಲ್ಲಿ 40,000 ಡಾಲರ್ ತೊಡಗಿಸಿದ್ದರು. ಕಂಪನಿ ಲಾಭವನ್ನು ಹಂಚದೆ ಮತ್ತೆ ವ್ಯಾಪಾರಕ್ಕೇ ಹಾಕಿತು. 2017ರ ಕಾನೂನು ಆ ಹಂಚದ ಲಾಭವನ್ನು ಷೇರುದಾರರ ಆದಾಯವೆಂದು ಬಗೆದು ತೆರಿಗೆ ಕೇಳಿತು. ಅವರು ಒಹಾಯೋ, ಅಲ್ಪವಿರಾಮಗಳ ಗೊಡವೆಗೆ ಹೋಗಲಿಲ್ಲ. 14,729 ಡಾಲರನ್ನು ಪೂರ್ತಿ ಕಟ್ಟಿದರು. ಬಳಿಕ ಇದು ಹಂಚಿಕೆಯಿಲ್ಲದ ನೇರ ತೆರಿಗೆಯೆಂದು ಮರುಪಾವತಿಗೆ ದಾವೆ ಹೂಡಿದರು. 2024ರ ಜೂನ್ 20ರಂದು ಸರ್ವೋಚ್ಚ ನ್ಯಾಯಾಲಯ ಏಳು-ಎರಡರಿಂದ ಅವರ ವಿರುದ್ಧ ತೀರ್ಪಿತ್ತಿತು. ಕಂಪನಿಯ ಕೈಸೇರಿದ ಲಾಭವನ್ನು ಷೇರುದಾರರದೆಂದು ಎಣಿಸಬಹುದು ಎಂಬುದಷ್ಟನ್ನೇ ಅದು ನಿರ್ಧರಿಸಿತು. ಯಾರ ಕೈಗೂ ಬಾರದೆ ಬೆಲೆಯಷ್ಟೇ ಏರಿದ ಆಸ್ತಿಯ ಹೆಚ್ಚಳವನ್ನು ಆದಾಯವೆನ್ನಬಹುದೇ ಎಂಬುದನ್ನು ಬೇಕೆಂದೇ ಮುಟ್ಟದೆ ಬಿಟ್ಟಿತು. ಒಂಬತ್ತರಲ್ಲಿ ನಾಲ್ವರು ಮಾತ್ರ, ಕೈಗೆ ಬಾರದ್ದು ಆದಾಯವಲ್ಲವೆಂಬ ಕಡೆಗೆ ತಮ್ಮ ಅಭಿಪ್ರಾಯಗಳಲ್ಲಿ ಬರೆದಿಟ್ಟಿದ್ದಾರೆ.