ಅಳಿಸುವ ಕೈ: ಇಂಡೀ ಪಾತ್ರವಹಿಸುವ ಆಟಗಳಲ್ಲಿ ನಷ್ಟದ ನಿಯಮ

ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳ ಚರಿತ್ರೆಯನ್ನು ಸಾಮಾನ್ಯವಾಗಿ 1974ರಿಂದ ಆರಂಭಿಸುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆ ವರ್ಷ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ಪ್ರಕಟವಾಯಿತು. ಯುದ್ಧದ ಆಟಗಳ ಬಳಗದಲ್ಲಿ ಹುಟ್ಟಿದ ಈ ಆಟ ಬದುಕುಳಿದ ಪಾತ್ರಕ್ಕೆ ಬೆಳವಣಿಗೆಯ ಬಹುಮಾನ ಕೊಡುತ್ತದೆ: ಅನುಭವ, ಹಂತ, ಸಂಪತ್ತು ಎಲ್ಲವೂ ಏರುತ್ತ ಹೋಗುತ್ತವೆ. 2000ದ ನಂತರ ಒಬ್ಬಿಬ್ಬರೇ ಬರೆದು, ತಾವೇ ಅಚ್ಚು ಹಾಕಿಸಿಯೋ ಪಿಡಿಎಫ್ ರೂಪದಲ್ಲೋ ಮಾರಿದ ಕಿರು ಆಟಗಳ ಒಂದು ಗುಂಪು ಇದಕ್ಕೆ ಬೆನ್ನು ತಿರುಗಿಸಿತು. ಇಲ್ಲಿ ಆಡುತ್ತ ಹೋದಂತೆ ಆಟಗಾರನ ಬಳಿ ಇರುವುದು ಕರಗುತ್ತದೆ. ಈ ನಷ್ಟ ಕಥೆಯಲ್ಲಿ ಹೇಳಿಕೆಯಾಗಿ ಬರುವುದಿಲ್ಲ, ಆಟಗಾರ ಅದನ್ನು ತನ್ನ ಕೈಯಾರೆ ಮಾಡಬೇಕು. ಆದ್ದರಿಂದ ನಿಯಮಪುಸ್ತಕವನ್ನಷ್ಟೇ ಓದಿ ಇವುಗಳ ಬೆಲೆ ಕಟ್ಟಲಾಗದು ಎಂಬುದು ಪ್ರಸ್ತುತ ಲೇಖನದ ವಾದ.

ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ 1983ರ ‘ಶೇರ್ಡ್ ಫ್ಯಾಂಟಸಿ’ ಕೃತಿಯಲ್ಲಿ, ಆಡುವವರು ಮೂರು ಚೌಕಟ್ಟುಗಳ ನಡುವೆ ಓಡಾಡುತ್ತಿರುತ್ತಾರೆ ಎಂದು ತೋರಿಸಿದರು. ಒಂದು ದಿನನಿತ್ಯದ ವ್ಯಕ್ತಿಯದು, ಇನ್ನೊಂದು ನಿಯಮ ಬಲ್ಲ ಆಟಗಾರನದು, ಮತ್ತೊಂದು ಕಥೆಯೊಳಗಿನ ಪಾತ್ರದ್ದು. ಎರ್ವಿಂಗ್ ಗಾಫ್‌ಮನ್‌ರಿಂದ ಪಡೆದ ಈ ವಿಶ್ಲೇಷಣೆ ಇಂದಿಗೂ ಉಪಯುಕ್ತ. ಆದರೆ ಫೈನ್ ನೋಡಿದ ಆಟಗಳಲ್ಲಿ ಚೌಕಟ್ಟುಗಳ ನಡುವೆ ಅಂಕಿ ನಿಂತಿರುತ್ತದೆ: ದಾಳ ಬೀಳುತ್ತದೆ, ಕೋಷ್ಟಕ ನೋಡುತ್ತಾರೆ, ಆಮೇಲೆ ಪಾತ್ರಕ್ಕೆ ಗಾಯವಾಗುತ್ತದೆ. ಕಿರು ಆಟಗಳು ಈ ನಡುವಿನ ದಲ್ಲಾಳಿಯನ್ನು ತೆಗೆದುಹಾಕುತ್ತವೆ.

ಎಪಿಡಾಯಾ ರವಚಾಲ್ ಮತ್ತು ನಥಾನಿಯಲ್ ಬಾರ್ಮೋರ್ ಅವರ ‘ಡ್ರೆಡ್’ ಎಂಬ ಭಯದ ಆಟದಲ್ಲಿ ದಾಳವೇ ಇಲ್ಲ. ಮೇಜಿನ ಮೇಲೆ ಜೆಂಗಾ ಗೋಪುರವಿರುತ್ತದೆ. ಪಾತ್ರ ಏನಾದರೂ ಕಷ್ಟದ್ದನ್ನು ಮಾಡಲು ಹೊರಟರೆ ಆಟಗಾರ ಒಂದು ತುಂಡನ್ನು ಎಳೆಯಬೇಕು. ಗೋಪುರ ಬಿದ್ದರೆ ಆ ಪಾತ್ರದ ಕಥೆ ಮುಗಿಯಿತು. ಬೇಕೆಂದೇ ಗೋಪುರ ಕೆಡವಿ, ಅಂದುಕೊಂಡದ್ದನ್ನು ಸಾಧಿಸಿ ಸಾಯುವ ಅವಕಾಶವೂ ಉಂಟು. ಬೆರಳಿನ ನಡುಕ ಇಲ್ಲಿ ವ್ಯಕ್ತಿಯದೂ ಹೌದು, ಪಾತ್ರದ್ದೂ ಹೌದು. ಸ್ಟೀಫನ್ ಡ್ಯೂಯಿ ಅವರ ‘ಟೆನ್ ಕ್ಯಾಂಡಲ್ಸ್’ (2015) ಇನ್ನೂ ಕಠಿಣ. ಹತ್ತು ಪುಟ್ಟ ಮೇಣದಬತ್ತಿಗಳ ಬೆಳಕಿನಲ್ಲಿ ಆಟ ಶುರು. ದಾಳ ಸೋತರೆ ಒಂದು ಬತ್ತಿ ಆರಿಸಬೇಕು. ಗಾಳಿಗೆ ಆರಿದರೂ ಮತ್ತೆ ಹಚ್ಚುವಂತಿಲ್ಲ. ಪಾತ್ರದ ಗುಣ ಬರೆದ ಚೀಟಿಗಳನ್ನು ಬಳಸಿಕೊಳ್ಳಬೇಕಾದರೆ ಸುಡಬೇಕು. ಕೊನೆಗೆ ಎಲ್ಲರೂ ಸಾಯುತ್ತಾರೆ, ಇದು ಮೊದಲೇ ಎಲ್ಲರಿಗೂ ತಿಳಿದಿರುತ್ತದೆ.

ಅಂತ್ಯ ಗೊತ್ತಿದ್ದೂ ಆಡುವುದರಲ್ಲಿ ಏನು ರುಚಿ ಎಂಬ ಪ್ರಶ್ನೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಹೊಸದೇನಲ್ಲ. ಪ್ರಸಂಗದಲ್ಲಿ ಕರ್ಣ ಸಾಯುತ್ತಾನೆಂಬುದು ನಿಶ್ಚಿತ. ಅರ್ಥಧಾರಿ ಏನು ಹೇಳುತ್ತಾನೆಂಬುದು ಅನಿಶ್ಚಿತ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ತಪ್ಪು. ತಾಳಮದ್ದಳೆಗೆ ಕೇಳುಗರಿದ್ದಾರೆ, ಪಾಂಡಿತ್ಯದ ಪರೀಕ್ಷೆಯಿದೆ. ‘ಟೆನ್ ಕ್ಯಾಂಡಲ್ಸ್’ನಲ್ಲಿ ಆಡುವವರೇ ಕೇಳುವವರು, ಹೊರಗಿನವರಿಗೆ ಅಲ್ಲಿ ಜಾಗವೇ ಇಲ್ಲ.

ಒಬ್ಬರೇ ಆಡುವ ಆಟದಲ್ಲಿ ಈ ತರ್ಕ ತುದಿ ಮುಟ್ಟುತ್ತದೆ. ಟಿಮ್ ಹಚಿಂಗ್ಸ್ ಅವರ ‘ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್’ನಲ್ಲಿ ಆಟಗಾರ ಸಾವಿಲ್ಲದ ರಕ್ತಪಿಶಾಚಿಯೊಂದರ ಆತ್ಮಕಥೆ ಬರೆಯುತ್ತ ಹೋಗುತ್ತಾನೆ. ಹತ್ತು ಮುಖದ ದಾಳದ ಸಂಖ್ಯೆಯಿಂದ ಆರು ಮುಖದ್ದನ್ನು ಕಳೆದು, ಸಂಖ್ಯೆ ಹಾಕಿದ ಪ್ರಶ್ನೆಗಳ ಸಾಲಿನಲ್ಲಿ ಹಿಂದೆಯೋ ಮುಂದೆಯೋ ಸರಿಯಬೇಕು. ಪ್ರತಿ ಪ್ರಶ್ನೆಗೂ ಒಂದು ಅನುಭವ ಬರೆಯಬೇಕು. ಆದರೆ ನೆನಪಿಗೆ ಇರುವುದು ಐದೇ ಖಾನೆ. ಒಂದೊಂದರಲ್ಲಿ ಮೂರು ಅನುಭವಗಳಿಗಷ್ಟೇ ಎಡೆ. ಖಾನೆ ತುಂಬಿದ ಮೇಲೆ ಹೊಸದು ಬಂತೆಂದರೆ ಹಳೆಯದೊಂದರ ಮೇಲೆ ಗೀಟು ಎಳೆಯಬೇಕು. ದಿನಚರಿಗೆ ವರ್ಗಾಯಿಸಿ ಉಳಿಸಿಕೊಳ್ಳಬಹುದಾದರೂ ಅದು ಹಿಡಿಯುವುದು ನಾಲ್ಕು ನೆನಪುಗಳನ್ನು ಮಾತ್ರ. ದಿನಚರಿಯೇ ಕಳೆದುಹೋದರೆ ಅವೂ ಹೋದವು.

ಈ ನಿಯಮದ ಚಾತುರ್ಯ ಇರುವುದು ಗೀಟು ಎಳೆದ ನಂತರದ ಸ್ಥಿತಿಯಲ್ಲಿ. ಗೀಟಿನಡಿಯ ಅಕ್ಷರಗಳು ಆಟಗಾರನಿಗೆ ಕಾಣುತ್ತಲೇ ಇರುತ್ತವೆ, ಪಾತ್ರಕ್ಕೆ ಮಾತ್ರ ಕಾಣುವುದಿಲ್ಲ. ತಾನು ಯಾರ ಮಗ ಎಂಬುದನ್ನು ಮರೆತ ಪಾತ್ರದ ಪರವಾಗಿ, ಅದನ್ನು ಚೆನ್ನಾಗಿ ಬಲ್ಲ ಆಟಗಾರ ಮುಂದಿನ ವಾಕ್ಯ ಬರೆಯಬೇಕು. ಮರೆವನ್ನು ವಸ್ತುವಾಗಿಸಿಕೊಂಡ ಕಾದಂಬರಿಗಳಲ್ಲಿ ಏನು ಮರೆಯಬೇಕೆಂದು ಲೇಖಕ ನಿರ್ಧರಿಸುತ್ತಾನೆ; ಓದುಗನ ಕೈಗೆ ಮಸಿ ಹತ್ತುವುದಿಲ್ಲ. ಇಲ್ಲಿ ತಾಯಿಯನ್ನು ಉಳಿಸಿಕೊಳ್ಳಲೋ ಮೊದಲ ಕೊಲೆಯನ್ನೋ ಎಂದು ಆರಿಸಿದ ಹೊಣೆ ಆಡಿದವನದೇ.

ಏವರಿ ಆಲ್ಡರ್ ಅವರ ‘ದ ಕ್ವಯಟ್ ಇಯರ್’ (2013) ಇದನ್ನೇ ಸಮುದಾಯಕ್ಕೆ ಅನ್ವಯಿಸುತ್ತದೆ. ಕುಸಿದ ನಾಗರಿಕತೆಯ ಬಳಿಕ ಉಳಿದ ಒಂದು ಊರಿನ ನಕ್ಷೆಯನ್ನು ಎಲ್ಲರೂ ಸೇರಿ ಬಿಡಿಸುತ್ತಾರೆ. 52 ಇಸ್ಪೀಟು ಎಲೆಗಳು, ಎಲೆಗೊಂದು ವಾರ, ಬಣ್ಣಕ್ಕೊಂದು ಋತು. ಚಳಿಗಾಲದ ಎಲೆಗಳಲ್ಲಿ ಇಸ್ಪೀಟಿನ ರಾಜ ಬಂದ ಕ್ಷಣ ಆಟ ನಿಲ್ಲುತ್ತದೆ, ಕೈಗೆತ್ತಿಕೊಂಡ ಕೆಲಸ ಎಷ್ಟೇ ಬಾಕಿ ಇರಲಿ. ತನ್ನನ್ನು ಯಾರೂ ಕೇಳಲಿಲ್ಲ ಎನಿಸಿದ ಆಟಗಾರ ‘ತಿರಸ್ಕಾರ’ದ ಬಿಲ್ಲೆಯೊಂದನ್ನು ತನ್ನೆದುರು ಇಟ್ಟುಕೊಳ್ಳುತ್ತಾನೆ. ಬಿಲ್ಲೆಯಿಂದ ಅಂಕ ಬರುವುದಿಲ್ಲ, ಹೋಗುವುದಿಲ್ಲ. ಅದು ಎಲ್ಲರ ಕಣ್ಣಿಗೆ ಬೀಳುವಂತೆ ಅಲ್ಲಿರುತ್ತದೆ. ಪಂಚಾಯಿತಿ ಸಭೆಗಳಲ್ಲಿ ಕುಳಿತ ಅನುಭವವಿರುವವರಿಗೆ ಇದರ ತೂಕ ವಿವರಿಸಬೇಕಿಲ್ಲ.

ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮೇಣದಬತ್ತಿ, ಗೋಪುರ ಇವೆಲ್ಲ ಬರೀ ಗಿಮಿಕ್ಕು, ಎರಡನೇ ಸಲಕ್ಕೆ ಸಪ್ಪೆ ಎನ್ನುವವರಿದ್ದಾರೆ. ‘ಡ್ರೆಡ್’ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವಿದೆ: ಆರಂಭದಲ್ಲಿ ಗೋಪುರ ಗಟ್ಟಿಯಾಗಿರುವುದರಿಂದ ಮೊದಲ ಅರ್ಧ ತಾಸಿನ ಭಯ ಹುಸಿಯೇ. ಹಚಿಂಗ್ಸ್‌ರ ಆಟಕ್ಕೆ ಈ ಆಕ್ಷೇಪ ತಾಗುವುದಿಲ್ಲ, ಏಕೆಂದರೆ ಅಲ್ಲಿನ ಉಪಕರಣ ಬರವಣಿಗೆಯೇ.

ಈ ಕ್ಷೇತ್ರಕ್ಕೆ ಈಗ ಪಾಂಡಿತ್ಯದ ನೆಲೆಯಿದೆ. ಹೋಸೆ ಸಗಾಲ್ ಮತ್ತು ಸೆಬಾಸ್ಟಿಯನ್ ಡೆಟರ್ಡಿಂಗ್ ಸಂಪಾದಿಸಿದ ಬೃಹತ್ ಸಂಪುಟ 2018ರಲ್ಲಿ ಹೊರಬಂದಿದೆ. ಆದರೆ ಗ್ರಂಥಾಲಯಗಳು ಪುಸ್ತಕವನ್ನು ಕೊಳ್ಳುತ್ತವೆಯೇ ಹೊರತು ಗೀಟು ಬಿದ್ದ ಹಾಳೆಗಳನ್ನಲ್ಲ. ಅಧ್ಯಯನದ ನಿಜವಾದ ಆಕರ ಆ ಹಾಳೆಗಳು. ಈ ಆಟಗಳ ಮೇಲೆ ಪ್ರಬಂಧ ಬರೆಯಲು ಹೊರಡುವ ನಮ್ಮ ವಿದ್ಯಾರ್ಥಿಗಳು ಮೊದಲು ಒಂದು ಆಟವನ್ನಾದರೂ ಪೂರ್ತಿ ಆಡಲಿ. ಆಡಿದವರ ಒಪ್ಪಿಗೆ ಪಡೆದು ನಕ್ಷೆ, ಚೀಟಿ, ದಿನಚರಿಗಳನ್ನು ಪ್ರಬಂಧಕ್ಕೆ ಲಗತ್ತಿಸಲಿ.